17ರಿಂದ 15ಕ್ಕೆ ಇಳಿಯುವ ಮುಂಚೆ

ಪ್ರಶ್ನೆ: ಮೇಡಂ, ನನ್ನದು ಚಿಕ್ಕ ಹ್ಯಾಚ್‌ಬ್ಯಾಕ್ ಕಾರು. ಟಾಪ್ ಮಾಡೆಲ್ ತಗೊಂಡಿದ್ದರಿಂದ 205/45 ಆರ್17 ಟೈರ್, ಅಲಾಯ್ (ಅಲ್ಯೂಮಿನಿಯಂ ರಿಮ್) ಜೊತೆಗೇ ಬಂತು. ನೋಡೋಕೆ ಚೆನ್ನಾಗಿದೆ. ಆದರೆ ಸಣ್ಣ ಗುಂಡಿಗೂ ಬೆನ್ನು ಅದುರುತ್ತದೆ. ಒಂದು ಟೈರಿನ ಪಕ್ಕ ಮೊಟ್ಟೆಯಷ್ಟು ಊದಿಕೊಂಡು ಬದಲಾಯಿಸಬೇಕಾಯಿತು. 15 ಇಂಚಿನ ಹಗುರ ಅಲಾಯ್ ಹಾಕಿಸೋಣ ಅಂದುಕೊಂಡಿದ್ದೇನೆ. ಗೆಳೆಯರು ‘ಎಲ್ಲರೂ ದೊಡ್ಡದಕ್ಕೆ ಹೋಗ್ತಾರೆ, ನೀನು ಚಿಕ್ಕದಕ್ಕೆ ಹೋಗ್ತೀಯಲ್ಲ’ ಅನ್ನುತ್ತಾರೆ. ಹಾಕಿಸಬಹುದಾ? ಯಾವ ಅಳತೆ ನೋಡಲಿ?

ಉತ್ತರ: ಹಾಕಿಸಿ. ಒಳಗಿರುವ ಬ್ರೇಕಿಗೆ ಜಾಗ ಸಾಕಾದರೆ ಎರಡನೇ ಯೋಚನೆಯೇ ಬೇಡ. ಬ್ರೇಕಿನ ವಿಷಯ ದೊಡ್ಡದು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಟೈರಿನ ಮೇಲಿರುವ ಅಂಕಿಗಳನ್ನು ಓದೋಣ. ಅದು ಗೊತ್ತಿದ್ದರೆ ಅಂಗಡಿಯಲ್ಲಿ ಯಾರು ಏನೇ ಹೇಳಿದರೂ ನೀವೇ ಲೆಕ್ಕ ಹಾಕಿ ನೋಡಬಹುದು.

205 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 45 ಅಂದರೆ ಪಕ್ಕದ ಗೋಡೆಯ ಎತ್ತರ, ಆ ಅಗಲದ ನೂರಕ್ಕೆ 45 ಭಾಗ. ಸುಮಾರು 92 ಮಿ.ಮೀ. ಆಯಿತು. 17 ಅಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಅದು 432 ಮಿ.ಮೀ. ರಿಮ್ಮಿನ ಮೇಲೊಂದು ಗೋಡೆ, ಕೆಳಗೊಂದು ಗೋಡೆ ಸೇರಿಸಿದರೆ ಇಡೀ ಚಕ್ರದ ಎತ್ತರ 616 ಮಿ.ಮೀ. ನೀವು ಕಾಪಾಡಿಕೊಳ್ಳಬೇಕಾದದ್ದು ಈ 616. ಸ್ಪೀಡೋಮೀಟರ್, ಓಡಿದ ಕಿಲೋಮೀಟರಿನ ಲೆಕ್ಕ, ಗೇರಿನ ಹೊಂದಾಣಿಕೆ ಎಲ್ಲವೂ ಆ ಎತ್ತರವನ್ನೇ ನಂಬಿಕೊಂಡಿವೆ.

15 ಇಂಚಿನಲ್ಲಿ ಇದಕ್ಕೆ ಹತ್ತಿರ ಬರುವ ಅಳತೆಗಳು ಎರಡು. 195/60 ಆರ್15 ಹಾಕಿದರೆ 615 ಮಿ.ಮೀ., ಹೆಚ್ಚುಕಡಿಮೆ ಅಷ್ಟೇ. 185/65 ಆರ್15 ಹಾಕಿದರೆ ಸುಮಾರು 621 ಮಿ.ಮೀ., ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ಕಡಿಮೆ. ಎರಡೂ ನಡೆಯುತ್ತವೆ. ಆದರೆ ‘15 ಇಂಚು ತಾನೆ, ಇದೂ ಕೂರುತ್ತೆ’ ಎಂದು ಯಾರಾದರೂ 185/55 ಆರ್15 ತೋರಿಸಿದರೆ ಒಪ್ಪಬೇಡಿ. ಅದರ ಎತ್ತರ 585 ಮಿ.ಮೀ. ಕೂಡ ಆಗುವುದಿಲ್ಲ. ಕಾರು ಇನ್ನೂ ನೆಲಕ್ಕೆ ಇಳಿಯುತ್ತದೆ, ಎಂಜಿನ್ ಅದೇ ವೇಗಕ್ಕೆ ಜಾಸ್ತಿ ತಿರುಗುತ್ತದೆ, ಮೀಟರ್ ಈಗ 100 ತೋರಿಸುವಾಗ ಇರುವ ವೇಗಕ್ಕಿಂತ ಸುಮಾರು 5 ಕಿ.ಮೀ. ಕಡಿಮೆ ಓಡುತ್ತಿರುತ್ತೀರಿ. ಓಡದ ಕಿಲೋಮೀಟರೂ ಲೆಕ್ಕಕ್ಕೆ ಸೇರುತ್ತದೆ.

ಎರಡರಲ್ಲಿ ನನ್ನ ಆಯ್ಕೆ 185/65. ಕಾರಣ ನಿಮ್ಮ ಊದಿಕೊಂಡ ಟೈರಿನಲ್ಲೇ ಇದೆ. ಗುಂಡಿಯ ಚೂಪು ಅಂಚಿಗೆ ಚಕ್ರ ಬಡಿದಾಗ ಟೈರಿನ ಗೋಡೆ ಮಡಚಿಕೊಳ್ಳುತ್ತದೆ. ಗೋಡೆ ಗಿಡ್ಡವಿದ್ದರೆ ಮಡಚಲು ಜಾಗ ಸಾಲದೆ ರಿಮ್ಮಿನ ಅಂಚಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಹೊರಗಿನ ರಬ್ಬರ್ ಹರಿದಿರುವುದಿಲ್ಲ. ಒಳಗಿನ ಎಳೆಗಳು ಮಾತ್ರ ತುಂಡಾಗಿರುತ್ತವೆ. ಎಳೆ ಹೋದ ಕಡೆ ಗಾಳಿ ರಬ್ಬರನ್ನು ಹೊರಕ್ಕೆ ತಳ್ಳುತ್ತದೆ, ನೀವು ಕಂಡ ಮೊಟ್ಟೆ ಅದೇ. ಇದಕ್ಕೆ ಪ್ಯಾಚು ಇಲ್ಲ, ರಿಪೇರಿ ಇಲ್ಲ. ಬದಲಾಯಿಸಿದ್ದು ಒಳ್ಳೆಯದೇ ಆಯಿತು. 185/65ರಲ್ಲಿ ಗೋಡೆಯ ಎತ್ತರ 120 ಮಿ.ಮೀ., ಈಗಿನದಕ್ಕಿಂತ 28 ಮಿ.ಮೀ. ಜಾಸ್ತಿ. ನಿಮ್ಮ ಬೆನ್ನಿಗೆ ಸಿಗುವ ಸುಖದಲ್ಲಿ ದೊಡ್ಡ ಪಾಲು ಈ 28 ಮಿ.ಮೀ.ನಿಂದಲೇ ಬರುತ್ತದೆ. ಜೊತೆಗೆ ಟೈರ್ ಕಿರಿದಾಗಿದ್ದರೆ ರಸ್ತೆಯಲ್ಲಿ ನಿಂತ ನೀರನ್ನು ಸುಲಭವಾಗಿ ಸೀಳಿಕೊಂಡು ಹೋಗುತ್ತದೆ.

ಕಳೆದುಕೊಳ್ಳುವುದೂ ಇದೆ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂಗು ತಿರುಗುವ ಆ ಚುರುಕು ಸ್ವಲ್ಪ ಕಡಿಮೆಯಾಗುತ್ತದೆ. ಜೋರಾಗಿ ತಿರುವು ತಗೊಂಡರೆ ಕಾರು ಒಂಚೂರು ಜಾಸ್ತಿ ವಾಲಿದ ಹಾಗೆ ಅನಿಸುತ್ತದೆ. ಅದೇ ಚುರುಕು ನಿಮಗೆ ಇಷ್ಟವಾಗಿದ್ದರೆ 195/60 ತಗೊಳ್ಳಿ.

ಟೈರಿನ ಮೇಲೆ ಅಳತೆ ಆದಮೇಲೆ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತದೆ. 88 ಎಂದಿದ್ದರೆ ಆ ಟೈರ್ 560 ಕೆಜಿ ಹೊರುತ್ತದೆ. 84 ಎಂದಿದ್ದರೆ 500 ಕೆಜಿ. ಅಕ್ಷರ ವೇಗದ್ದು: ಟಿ ಅಂದರೆ ಗಂಟೆಗೆ 190 ಕಿ.ಮೀ.ವರೆಗೆ, ಎಚ್ ಅಂದರೆ 210ರವರೆಗೆ, ವಿ ಅಂದರೆ 240ರವರೆಗೆ. ಹೊಸ ಟೈರಿನಲ್ಲಿ ಇವೆರಡೂ ಕಾರಿನ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ನಾನು ಹೇಳಿದ ಎರಡೂ ಅಳತೆಗಳು ಸಾಮಾನ್ಯವಾಗಿ 88ರಲ್ಲೇ ಬರುತ್ತವೆ.

ಈಗ ಬ್ರೇಕು. ‘ಇದೇ ಕಾರಿನ ಕಡಿಮೆ ಬೆಲೆಯ ಮಾಡೆಲ್‌ಗೆ 15 ಇಂಚು ಕೊಡ್ತಾರೆ, ಹಾಗಾಗಿ ನಿಮಗೂ ಕೂರುತ್ತೆ’ ಎಂಬ ಮಾತು ಕೇಳಿಬರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ದೊಡ್ಡ ಎಂಜಿನ್ನಿನ ಮಾಡೆಲ್‌ಗಳಿಗೆ ಬ್ರೇಕಿನ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ) ಕೂಡ ದೊಡ್ಡದಿರಬಹುದು. ಟೈರ್ ಏರಿಸುವ ಮುಂಚೆ ಬರೀ ರಿಮ್ಮನ್ನು ಮುಂದಿನ ಚಕ್ರದ ಜಾಗದಲ್ಲಿ ಕೂರಿಸಿ ನಟ್ ಬಿಗಿಸಿ, ಕೈಯಲ್ಲೇ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಎರಡು ಕಡೆ ಕಣ್ಣಿಡಬೇಕು: ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿನ ಬೆನ್ನಿಗೂ ರಿಮ್ಮಿನ ಒಳಮೈಗೂ ನಡುವೆ ಒಂದು, ಕ್ಯಾಲಿಪರಿನ ಮುಖಕ್ಕೂ ರಿಮ್ಮಿನ ಕಡ್ಡಿಗಳಿಗೂ ನಡುವೆ ಇನ್ನೊಂದು. ಕ್ಯಾಲಿಪರ್ ಮೇಲೆ ಮಕ್ಕಳು ಆಡುವ ಮೆತ್ತನೆ ಜೇಡಿಮಣ್ಣು ಅಂಟಿಸಿ ತಿರುಗಿಸಿದರೆ ಎಷ್ಟು ಜಾಗ ಉಳಿದಿದೆ ಎಂದು ಅಚ್ಚು ಬಿದ್ದ ಹಾಗೆ ಕಾಣುತ್ತದೆ. 3 ಮಿ.ಮೀ.ಗಿಂತ ಕಡಿಮೆ ಉಳಿದರೆ ಆ ರಿಮ್ ಬೇಡ.

ಇದರಲ್ಲಿ ಎರಡು ಸಣ್ಣ ಸಂಗತಿ ತುಂಬ ಜನರ ಗಮನಕ್ಕೆ ಬರುವುದಿಲ್ಲ. ಬ್ರೇಕ್ ಪ್ಯಾಡ್ ಹೊಸದಿದ್ದಾಗ ಕ್ಯಾಲಿಪರ್ ಹೊರಗೆ, ಕಡ್ಡಿಗಳ ಕಡೆಗೆ ಸರಿದಿರುತ್ತದೆ. ಪ್ಯಾಡ್ ಸವೆದ ಹಾಗೆ ಒಳಕ್ಕೆ ಹೋಗುತ್ತದೆ. ಅಂದರೆ ಸವೆದ ಪ್ಯಾಡ್ ಇದ್ದಾಗ ಸರಿಯಾಗಿ ಕೂತ ರಿಮ್, ಹೊಸ ಪ್ಯಾಡ್ ಹಾಕಿದ ದಿನ ತಾಗಬಹುದು. ಎರಡನೆಯದು, ಬ್ಯಾಲೆನ್ಸಿಂಗ್ ಮಾಡುವಾಗ ರಿಮ್ಮಿನ ಒಳಗೆ ಅಂಟಿಸುವ ತೂಕದ ಪಟ್ಟಿ. ಜಾಗ ಬಿಗಿಯಿದ್ದರೆ ಅದು ಕ್ಯಾಲಿಪರಿಗೆ ತಾಗಿ ಕಿತ್ತುಬರುತ್ತದೆ. ಬ್ಯಾಲೆನ್ಸಿಂಗ್ ಮಾಡುವವರಿಗೆ ಮೊದಲೇ ಹೇಳಿ, ಬೇರೆ ಜಾಗದಲ್ಲಿ ಅಂಟಿಸುತ್ತಾರೆ.

ಗೆಳೆಯರ ಮಾತಿಗೆ ಇಷ್ಟು ಹೇಳಿ: ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ಟೈರಿಗೆಂದೇ ಒಂದು ಇಂಚು ಚಿಕ್ಕ ರಿಮ್ ಇಟ್ಟುಕೊಳ್ಳುವವರು ಬಹಳ ಜನ. ಅಲ್ಲಿ ಅದು ದಿನನಿತ್ಯದ ಮಾತು.

ಪ್ರಶ್ನೆ: 16 ಇಂಚಿನಿಂದ 15ಕ್ಕೆ ಇಳಿದರೆ ಚಕ್ರ ಹಗುರ ಆಗಿಯೇ ಆಗುತ್ತದೆ, ಅಲ್ವಾ ಮೇಡಂ? ಪಿಕಪ್, ಮೈಲೇಜ್ ಎಷ್ಟು ಜಾಸ್ತಿ ಆಗಬಹುದು?

ಉತ್ತರ: ಆಗಿಯೇ ಆಗುತ್ತದೆ ಎಂದು ಹೇಳಲಾರೆ. ರಿಮ್ ಚಿಕ್ಕದಾದ ಹಾಗೆ ಟೈರಿನ ಗೋಡೆ ಎತ್ತರವಾಗುತ್ತದೆ, ರಬ್ಬರಿಗೂ ತೂಕ ಇದೆ. ಜೊತೆಗೆ ಅಲಾಯ್ ಎಂದ ಮಾತ್ರಕ್ಕೆ ಹಗುರ ಅಲ್ಲ. ಅಚ್ಚಿಗೆ ಸುಮ್ನೆ ಸುರಿದು ಮಾಡಿದ ಅಗ್ಗದ ಅಲಾಯ್ ಎಷ್ಟೋ ಸಲ ಅದೇ ಅಳತೆಯ ಸ್ಟೀಲ್ ರಿಮ್ಮಿನಷ್ಟೇ ಭಾರ ಇರುತ್ತದೆ. ಆದ್ದರಿಂದ ನನ್ನ ಮಾತು ಒಂದೇ: ತೂಗಿ ನೋಡದೆ ದುಡ್ಡು ಕೊಡಬೇಡಿ. ನಿಮ್ಮ ಈಗಿನ ಚಕ್ರವನ್ನು ಟೈರ್ ಸಮೇತ ಬಿಚ್ಚಿಸಿ ತೂಗಿ. ಮನೆಯಲ್ಲಿ ಮೈ ತೂಕ ನೋಡುವ ಮಷಿನ್ನೇ ಸಾಕು, ಚಕ್ರ ಎತ್ತಿಕೊಂಡು ಒಂದು ಸಲ, ಬರಿಗೈಲಿ ಒಂದು ಸಲ ನಿಲ್ಲಿ. ಹೊಸ ರಿಮ್ಮಿನದ್ದೂ ಹೊಸ ಟೈರಿನದ್ದೂ ತೂಕ ಕೂಡಿಸಿ ಹೋಲಿಸಿ. ಒಂದು ಚಕ್ರಕ್ಕೆ 2 ಕೆಜಿ ಕೂಡ ಉಳಿಯದಿದ್ದರೆ ನೀವು ಕೊಂಡದ್ದು ಚಂದ ಮಾತ್ರ.

ರಿಮ್ ಮಾಡುವ ಬಗೆಯಲ್ಲಿ ತೂಕದ ಗುಟ್ಟಿದೆ. ಸಾಧಾರಣ ಅಲಾಯ್ ಎಂದರೆ ಕರಗಿದ ಅಲ್ಯೂಮಿನಿಯಂ ಅಚ್ಚಿಗೆ ಸುರಿದದ್ದು. ಅದಕ್ಕಿಂತ ಮೇಲು ಫ್ಲೋ ಫಾರ್ಮಿಂಗ್. ಎರಕ ಹೊಯ್ದ ರಿಮ್ಮನ್ನು ಬಿಸಿ ಮಾಡಿ, ತಿರುಗಿಸುತ್ತಾ, ಹೊರವೃತ್ತವನ್ನು ರೋಲರಿನಿಂದ ಒತ್ತಿ ಎಳೆಯುತ್ತಾರೆ. ಲೋಹ ಬಿಗಿಯಾಗುತ್ತದೆ, ತೆಳ್ಳಗಿದ್ದರೂ ತಡೆಯುತ್ತದೆ. ತೂಕ ಕಡಿಮೆಯಾಗುವುದು ಸರಿಯಾಗಿ ಹೊರ ಅಂಚಿನಲ್ಲೇ, ಅಲ್ಲೇ ಅದರ ಲಾಭ ಜಾಸ್ತಿ. ಎಲ್ಲಕ್ಕಿಂತ ಮೇಲು ಫೋರ್ಜಿಂಗ್, ಗಟ್ಟಿ ಗಟ್ಟಿ ಅಲ್ಯೂಮಿನಿಯಂ ದಿಮ್ಮಿಯನ್ನು ಭಾರೀ ಒತ್ತಡದಲ್ಲಿ ಅದುಮಿ ಮಾಡಿದ್ದು. ಜಪಾನಿನ ರೇಸ್ (RAYS) ಎಂಬ ಕಂಪನಿ 1996ರಲ್ಲಿ ತಂದ ಟಿಇ37 ಎಂಬ ಫೋರ್ಜ್ಡ್ ರಿಮ್ಮಿನ ಹೆಸರಿನ 37 ಬಂದದ್ದೇ 3.7 ಕೆಜಿಯಿಂದ. 15 ಇಂಚಿನ, 6 ಇಂಚು ಅಗಲದ ರಿಮ್ಮಿನ ತೂಕ ಅದು. ಬೆಲೆಯೂ ಹಾಗೇ ಇರುತ್ತದೆ. ದಿನಾ ಓಡಿಸುವ ಚಿಕ್ಕ ಕಾರಿಗೆ ಫ್ಲೋ ಫಾರ್ಮಿಂಗ್ ಸಾಕು.

ಈಗ ಪಿಕಪ್. ಸುತ್ತುವ ವಸ್ತುವಿಗೆ ಎರಡು ಕೆಲಸ: ಮುಂದಕ್ಕೂ ಓಡಬೇಕು, ತಾನೂ ತಿರುಗಬೇಕು. ಹೊರ ಅಂಚಿನಲ್ಲಿ ಇಳಿಸಿದ 1 ಕೆಜಿ, ವೇಗ ಹಿಡಿಯುವಾಗ ಕಾರಿನಿಂದ ಇಳಿಸಿದ 2 ಕೆಜಿಗೆ ಸಮ. ಅದಕ್ಕಿಂತ ಹೆಚ್ಚಲ್ಲ. ಒಂದು ಚಕ್ರಕ್ಕೆ 4 ಕೆಜಿ ಉಳಿಯಿತು ಎನ್ನಿ, ನಾಲ್ಕಕ್ಕೆ 16. ಪಿಕಪ್ಪಿನಲ್ಲಿ ಹೆಚ್ಚೆಂದರೆ 32 ಕೆಜಿ ಇಳಿದ ಹಾಗೆ. ಕಾರಿನಲ್ಲಿ ಕೂತಿದ್ದ ಹತ್ತು ವರ್ಷದ ಮಗು ಇಳಿದುಹೋದರೆ ಎಷ್ಟು ವ್ಯತ್ಯಾಸ ಗೊತ್ತಾಗುತ್ತದೋ ಅಷ್ಟು. ಒಂದು ಟನ್ ತೂಗುವ ಕಾರಿಗೆ ಅದು ನೂರಕ್ಕೆ ಮೂರು. ಮೈಲೇಜ್ ವಿಷಯದಲ್ಲಂತೂ ನಿಂತು ನಿಂತು ಹೋಗುವ ರಸ್ತೆಯಲ್ಲಿ ಒಂಚೂರು ಉಳಿಯುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಚಕ್ರದ ತೂಕಕ್ಕಿಂತ ಟೈರ್ ಉರುಳಲು ಎಷ್ಟು ಸಲೀಸು, ಒಳಗೆ ಗಾಳಿ ಸರಿಯಿದೆಯಾ, ಇವೇ ಮುಖ್ಯ.

ಹಾಗಾದರೆ ಹಗುರ ಚಕ್ರ ಯಾಕೆ ಎಂದು ಕೇಳುತ್ತೀರಿ. ಸಸ್ಪೆನ್ಷನ್ನಿಗಾಗಿ. ಚಕ್ರ, ಟೈರ್, ಬ್ರೇಕ್ ಇವು ಸ್ಪ್ರಿಂಗ್ ಕೆಳಗಿನ ತೂಕ. ರಸ್ತೆ ಏರಿದಾಗ ಇವು ಏರಬೇಕು, ಇಳಿದಾಗ ಕೂಡಲೇ ಇಳಿಯಬೇಕು. ಭಾರದ ಚಕ್ರ ಒಂದು ಸಲ ಮೇಲೆ ಹಾರಿತೆಂದರೆ ಅದನ್ನು ವಾಪಸ್ ನೆಲಕ್ಕೆ ತರಲು ಶಾಕ್ ಅಬ್ಸಾರ್ಬರ್ ಒದ್ದಾಡುತ್ತದೆ. ಅಷ್ಟು ಹೊತ್ತು ಟೈರಿಗೆ ಹಿಡಿತ ಕಡಿಮೆ, ನಿಮಗೆ ಕುಲುಕಾಟ ಜಾಸ್ತಿ. ಹಗುರ ಚಕ್ರ ನೆಲವನ್ನು ಬಿಡುವುದಿಲ್ಲ. ಚಿಕ್ಕ ಕಾರಿನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಏಕೆಂದರೆ ಮೇಲಿನ ಕಾರಿನ ತೂಕವೇ ಕಡಿಮೆ. ನನಗೆ ಇಷ್ಟವಾದ ಲಾಭ ಇದೇ. ಇದಕ್ಕಾಗಿ ಹಾಕಿಸಿ, ಪಿಕಪ್ಪಿಗಾಗಿ ಅಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ತೀರಾ ಹಗುರ, ತೀರಾ ಅಗ್ಗ, ಎರಡೂ ಒಂದೇ ರಿಮ್ಮಿನಲ್ಲಿದ್ದರೆ ನನಗೆ ನಿಜವಾಗಿ ಭಯ. ಹೆಸರಾಂತ ರಿಮ್ಮುಗಳ ನಕಲು ಬಹಳ ಇವೆ. ಗುಂಡಿಗೆ ಬಿದ್ದಾಗ ರಿಮ್ ಬಾಗಿದರೆ ರಿಪೇರಿ, ಮುರಿದರೆ ಜೀವದ ಪ್ರಶ್ನೆ. ರಿಮ್ಮಿನ ಹಿಂಭಾಗ ನೋಡಿ. ಎಷ್ಟು ಕೆಜಿ ಹೊರುತ್ತದೆ ಎಂಬ ಅಂಕಿ ಅಚ್ಚಾಗಿರಬೇಕು, ಜಪಾನಿನ ಗುಣಮಟ್ಟದ್ದಾದರೆ ಜೆಡಬ್ಲ್ಯುಎಲ್ ಎಂಬ ಗುರುತೂ ಇರುತ್ತದೆ. ಮುಂದಿನ ಆಕ್ಸಲ್ ಮೇಲೆ ಗರಿಷ್ಠ 900 ಕೆಜಿ ಎಂದು ನಿಮ್ಮ ಕಾರಿಗೆ ಕಂಪನಿ ಹಾಕಿದ ತೂಕದ ಪ್ಲೇಟಿನಲ್ಲಿ ಬರೆದಿದ್ದರೆ ಒಂದೊಂದು ರಿಮ್ಮೂ ಕನಿಷ್ಠ 450 ಕೆಜಿಯದ್ದಿರಬೇಕು. ಅಂಕಿಯೇ ಇಲ್ಲದ ರಿಮ್ ಬೇಡವೇ ಬೇಡ.

ಪ್ರಶ್ನೆ: ಸ್ಟೀಲ್ ರಿಮ್ಮೇ ಸಾಕು ಅಂತ ಮನೆಯವರು ಹೇಳುತ್ತಾರೆ. ಸರಿಯಾ?

ಉತ್ತರ: ಸರಿ. ಭಾರ ಸ್ವಲ್ಪ ಜಾಸ್ತಿ, ಬೆಲೆ ಕಡಿಮೆ, ಬಾಗಿದರೆ ನೆಟ್ಟಗೆ ಮಾಡಬಹುದು. ರಸ್ತೆ ಬಹಳ ಕೆಟ್ಟಿದ್ದರೆ ನಾನೂ ಅದನ್ನೇ ಹೇಳುತ್ತೇನೆ.

ಪ್ರಶ್ನೆ: 15 ಇಂಚಿನ ಹೊಸ ಅಲಾಯ್ ಹಾಕಿಸಿದೆ. ಆವಾಗಿನಿಂದ 80ರ ವೇಗ ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಮತ್ತೆ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಿಲ್ಲ. ಅಂಗಡಿಯವರು ಟೈರ್ ಬದಲಾಯಿಸಿ ಅನ್ನುತ್ತಿದ್ದಾರೆ.

ಉತ್ತರ: ಟೈರಿಗೆ ಇನ್ನೂ ದುಡ್ಡು ಹಾಕಬೇಡಿ. ಮೊದಲು ರಿಮ್ಮಿನ ನಡುವಿನ ತೂತು ನೋಡಿ. ಕಾರಿನಲ್ಲಿ ಚಕ್ರ ಬಿಗಿಯುವ ಭಾಗಕ್ಕೆ ಹಬ್ ಎನ್ನುತ್ತಾರೆ, ಅದರ ಮಧ್ಯೆ ಒಂದು ಉಬ್ಬು ಇರುತ್ತದೆ. ಕಂಪನಿಯ ರಿಮ್ಮಿನ ತೂತು ಆ ಉಬ್ಬಿಗೆ ಸರಿಯಾಗಿ ಕೂರುತ್ತದೆ. ಹೊರಗೆ ಸಿಗುವ ಅಲಾಯ್‌ಗಳನ್ನು ಹಲವು ಕಾರುಗಳಿಗೆ ಆಗಲಿ ಎಂದು ದೊಡ್ಡ ತೂತಿಟ್ಟು ಮಾಡಿರುತ್ತಾರೆ. ಹಬ್ 54.1 ಮಿ.ಮೀ., ರಿಮ್ಮಿನ ತೂತು 73.1 ಮಿ.ಮೀ. ಇದ್ದರೆ ರಿಮ್ಮಿಗೆ ನಟ್ಟುಗಳೇ ಆಧಾರ. ಬಿಗಿಯುವಾಗ ಒಂದು ಕೂದಲಿನಷ್ಟು ಪಕ್ಕಕ್ಕೆ ಸರಿದರೂ ಚಕ್ರ ನಡುಗುತ್ತದೆ. ಬ್ಯಾಲೆನ್ಸಿಂಗ್ ಮಷಿನ್ನಿನಲ್ಲಿ ರಿಮ್ಮನ್ನು ಕೋನ್ ಹಾಕಿ ನಡುವಿಗೆ ಹಿಡಿದಿರುತ್ತಾರೆ, ಅದಕ್ಕೇ ಅಲ್ಲಿ ಎಲ್ಲ ಸರಿ ತೋರಿಸುತ್ತದೆ. ಆ ಸಂದು ತುಂಬಲು ಹಬ್ ರಿಂಗ್ ಅಂತ ಸಿಗುತ್ತದೆ, ತೀರಾ ಕಡಿಮೆ ಬೆಲೆಯದ್ದು. ಒಳ ಅಳತೆ ಹಬ್ಬಿನದ್ದು, ಹೊರ ಅಳತೆ ರಿಮ್ಮಿನದ್ದು ಎಂದು ಹೇಳಿ ನಾಲ್ಕು ತಗೊಳ್ಳಿ.

ಹಾಗೇ ನಟ್ಟುಗಳನ್ನೂ ನೋಡಿ. ಕೆಲವು ಕಾರುಗಳ ನಟ್ಟಿನ ತಳ ಗುಂಡಗೆ, ಹೊರಗಿನ ಅಲಾಯ್‌ಗಳಿಗೆ ಬೇಕಾದದ್ದು ಶಂಕುವಿನ ಆಕಾರದ್ದು. ಹಳೇ ನಟ್ಟನ್ನೇ ಹಾಕಿದ್ದರೆ ಅದು ಅಂಚಿನಲ್ಲಿ ಮಾತ್ರ ಹಿಡಿದಿರುತ್ತದೆ, ಸಡಿಲವಾಗುವ ಅಪಾಯವಿದೆ. ಇದನ್ನು ಇವತ್ತೇ ನೋಡಿಸಿ.

ಪ್ರಶ್ನೆ: ಚಿಕ್ಕ ಚಕ್ರ ಹಾಕಿಸಿದ ಮೇಲೆ ಗಾಳಿ ಎಷ್ಟು ಹಾಕಬೇಕು? ಹಳೇ 17 ಇಂಚಿನ ಸ್ಟೆಪ್ನಿ ಇಟ್ಟುಕೊಳ್ಳಬಹುದಾ?

ಉತ್ತರ: ಹೊಸ ಅಳತೆ ನಿಮ್ಮ ಕಾರಿನ ಬಾಗಿಲಿನ ಪಟ್ಟಿಯಲ್ಲಿ ಇದ್ದರೆ ಅಲ್ಲಿ ಬರೆದಷ್ಟೇ ಹಾಕಿ. ಇಲ್ಲದಿದ್ದರೆ ಹಳೆಯ ಅಂಕಿಯಿಂದ ಶುರು ಮಾಡಿ, ಟೈರ್ ಕಂಪನಿಯ ಲೋಡ್ ಪಟ್ಟಿ (ಎಷ್ಟು ತೂಕಕ್ಕೆ ಎಷ್ಟು ಗಾಳಿ ಎಂಬುದು) ನೋಡಿ ಸರಿಪಡಿಸಿಕೊಳ್ಳಿ. ಗಾಳಿ ನೋಡುವುದು ಟೈರ್ ತಣ್ಣಗಿರುವಾಗ. ಸ್ಟೆಪ್ನಿ ಒಟ್ಟು ಎತ್ತರದಲ್ಲಿ ಹೊಸ ಚಕ್ರಕ್ಕೆ ಸಮ ಇದ್ದರೆ ಪಂಕ್ಚರ್ ಅಂಗಡಿವರೆಗೆ ಓಡಿಸಲು ಅಡ್ಡಿಯಿಲ್ಲ. ಆದರೆ ಹಳೇ ರಿಮ್ಮಿನ ನಟ್ಟು ಬೇರೆ ಥರದ್ದಾದರೆ ಅದರದ್ದೇ ಒಂದು ಸೆಟ್ ಡಿಕ್ಕಿಯಲ್ಲಿ ಇಟ್ಟಿರಿ. ಹೊಸ ಚಕ್ರ ಹಾಕಿಸಿ 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನೂ ಎಷ್ಟು ಬಿಗಿ ಎಂದು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು, ಮತ್ತೊಮ್ಮೆ ಬಿಗಿಸಿ.