ಹೀಟರ್ ಕಡೆ ತಿರುಗಿಸಿದರೂ ತಣ್ಣನೆ ಗಾಳಿ: ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕಾ?

ನೀವು ಕೇಳಿದ್ದು ಇಷ್ಟು: ಕಾರು ಮಂಗಳೂರಿನಲ್ಲಿದೆ, ಕೈಯಲ್ಲಿ ತಿರುಗಿಸುವ ನಾಬ್ ಇರುವ ಎಸಿ. ಕೆಂಪು ಕಡೆಗೆ ಪೂರ್ತಿ ತಿರುಗಿಸಿದರೂ ಬಿಸಿ ಗಾಳಿ ಇಲ್ಲ. ಮಳೆಯಲ್ಲಿ ಗಾಜು ಮಂಜಾಗುತ್ತದೆ. ಫ್ಯಾನ್ ಅತಿ ಜೋರಿನ 4ರಲ್ಲಿ ಮಾತ್ರ ತಿರುಗುತ್ತದೆ. ಗ್ಯಾರೇಜಿನವರು ಡ್ಯಾಶ್‌ಬೋರ್ಡ್ ಇಳಿಸಿ ಹೀಟರ್ ಕೋರ್ ಬದಲಿಸಬೇಕು ಎಂದಿದ್ದಾರೆ. ದಯವಿಟ್ಟು ಈಗಲೇ ಒಪ್ಪಬೇಡಿ. ಮೊದಲು ಎರಡು ಪೈಪ್ ಮುಟ್ಟಿ ನೋಡಿ.

ನಾನು ಉಡುಪಿಯವನು. ನನಗೂ ಇದೇ ಮಾತು ಹೇಳಿದ್ದರು. ಜುಲೈ ತಿಂಗಳು, ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆ. ಸೋಮೇಶ್ವರ ಕಳೆದ ಮೇಲೆ ಗಾಜು ಪೂರ್ತಿ ಬೆಳ್ಳಗಾಯಿತು. ಪಕ್ಕದಲ್ಲಿದ್ದ ಅಮ್ಮ ಸೆರಗಿನಿಂದ ಒರೆಸಿದಷ್ಟೂ ಮತ್ತೆ ಮಂಜು. ಎದುರಿನಿಂದ ಬಂದ ಬಸ್ಸು ಹತ್ತಿರ ಬರುವವರೆಗೆ ಕಾಣಲಿಲ್ಲ. ಆ ಹೆದರಿಕೆ ಇನ್ನೂ ಹೋಗಿಲ್ಲ. ಕರಾವಳಿಯಲ್ಲಿ ಹೀಟರ್ ಯಾಕೆ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಹೀಟರಿಗೆ ಬಿಸಿ ಬರುವುದು ಎಂಜಿನ್ ಕೂಲಂಟ್‌ನಿಂದ, ಅಂದರೆ ಎಂಜಿನ್ ತಂಪಾಗಿಡಲು ಸುತ್ತುವ ದ್ರವದಿಂದ. ಡ್ಯಾಶ್‌ಬೋರ್ಡ್ ಒಳಗೆ ಪುಟ್ಟ ರೇಡಿಯೇಟರ್ ತರಹದ್ದೊಂದು ಉಂಟು, ಅದೇ ಹೀಟರ್ ಕೋರ್. ಅದಕ್ಕೆ ಬಿಸಿ ಕೂಲಂಟ್ ಒಂದು ಪೈಪಿನಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಗಾಳಿ ಆ ಕೋರ್ ಮೂಲಕ ಹೋಗಬೇಕೋ ಬೇಡವೋ ಎಂದು ಒಂದು ಪ್ಲಾಸ್ಟಿಕ್ ಬಾಗಿಲು ತೀರ್ಮಾನಿಸುತ್ತದೆ. ನಿಮ್ಮ ನಾಬ್ ತಿರುಗಿಸುವುದು ಆ ಬಾಗಿಲನ್ನು.

ಕಾರನ್ನು 20 ನಿಮಿಷ ಓಡಿಸಿ, ನಾಬ್ ಪೂರ್ತಿ ಕೆಂಪಿಗೆ ಇಟ್ಟು ಫ್ಯಾನ್ ಹಾಕಿರಿ. ಆಮೇಲೆ ಎಂಜಿನ್ ಆಫ್ ಮಾಡಿ ಬಾನೆಟ್ ತೆರೆಯಿರಿ. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆಯೊಳಗೆ ಎರಡು ರಬ್ಬರ್ ಪೈಪ್ ಹೋಗುತ್ತವೆ. ಬಟ್ಟೆ ಹಿಡಿದು ಹುಷಾರಾಗಿ ಮುಟ್ಟಿ, ಚೆನ್ನಾಗಿ ಸುಡುತ್ತವೆ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿ ಇರುವಾಗ ತೆರೆಯಲೇಬೇಡಿ.

ಎರಡೂ ಸುಡುತ್ತಿದ್ದರೆ ಕೋರ್ ಬಹುಮಟ್ಟಿಗೆ ಸರಿ ಇದೆ, ತೊಂದರೆ ಬಾಗಿಲಿನದ್ದು. ನನ್ನದು ಅದೇ ಆಗಿತ್ತು. ಮೊಬೈಲ್ ಟಾರ್ಚ್ ಹಿಡಿದು ಕಾಲಿಡುವ ಜಾಗದಲ್ಲಿ ಮಲಗಿ ನೋಡಿದೆ. ಮಗಳು ಮೇಲಿಂದ ನಾಬ್ ತಿರುಗಿಸಿದಳು. ನಾಬ್‌ನಿಂದ ಬಾಗಿಲಿಗೆ ಹೋಗುವ ಕೇಬಲ್ಲಿನ ಕಪ್ಪು ಹೊದಿಕೆಯೇ ಹಿಂದೆ ಮುಂದೆ ಜಾರುತ್ತಿತ್ತು, ಬಾಗಿಲಿನ ಲಿವರ್ ಅಲುಗಾಡುತ್ತಿರಲಿಲ್ಲ. ಹೊದಿಕೆಯನ್ನು ಹಿಡಿದಿಡುವ ಉಗುರಿನಷ್ಟು ದೊಡ್ಡ ಕ್ಲಿಪ್ ಮುರಿದಿತ್ತು, ಅಷ್ಟೇ! ಡ್ಯಾಶ್‌ಬೋರ್ಡ್ ಇಳಿಸಿದ್ದರೆ ಇಡೀ ದಿನದ ಕೂಲಿ, ಜೊತೆಗೆ ಜೀವನಪೂರ್ತಿ ಕಟಕಟ ಸದ್ದು. ನಿಮ್ಮ ಕಾರಿನಲ್ಲಿ ಕೇಬಲ್ ಬದಲು ಸಣ್ಣ ಮೋಟರ್ ಇದ್ದು, ಒಳಗಿನಿಂದ ಟಿಕ್ ಟಿಕ್ ಕೇಳಿದರೆ ಅದರ ಪ್ಲಾಸ್ಟಿಕ್ ಗೇರಿನ ಹಲ್ಲು ಹೋಗಿರಬಹುದು.

ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಕೂಲಂಟ್ ಹರಿಯುತ್ತಿಲ್ಲ. ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ. ಕೆಲವು ಕಾರುಗಳಲ್ಲಿ ಈ ದಾರಿಯಲ್ಲಿ ಒಂದು ವಾಲ್ವ್ ಕೂಡ ಇರುತ್ತದೆ, ಅದು ತೆರೆಯದಿದ್ದರೂ ಹೀಗೇ ಆಗುತ್ತದೆ. ಆಗಲೂ ಮೊದಲು ಗಾಳಿ ತೆಗೆಸಿ ಫ್ಲಶ್ ಮಾಡಿಸಿ, ಬದಲಿಸುವ ಮಾತು ಆಮೇಲೆ. ನಮ್ಮ ಕಡೆ ಕೂಲಂಟ್ ಕಮ್ಮಿಯಾದರೆ ಸುಮ್ನೆ ಬಾವಿ ನೀರು ಸುರಿಯುವವರು ಉಂಟು. ಅದರಿಂದಲೇ ತುಕ್ಕು, ಕೆಸರು. ದಯವಿಟ್ಟು ಹಾಗೆ ಮಾಡಬೇಡಿ.

ಎರಡೂ ಉಗುರುಬೆಚ್ಚಗೆ ಇದ್ದು, ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳೂ ಮೇಲೆ ಬರದಿದ್ದರೆ, ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ತೆರೆದುಕೊಂಡೇ ಇರಬಹುದು. ಕೂಲಂಟ್ ಮಟ್ಟವನ್ನೂ ನೋಡಿ.

ಕೋರ್ ನಿಜವಾಗಿಯೂ ಸೋರುತ್ತಿದ್ದರೆ ಬೇರೆ ಗುರುತು ಕಾಣುತ್ತದೆ: ಒಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು, ಅಂಟಂಟು ಕಾರ್ಪೆಟ್. ಇದ್ದರೆ ಗ್ಯಾರೇಜಿನವರ ಮಾತು ಸರಿ. ಬರೀ ನೀರಿನಿಂದ ಕಾರ್ಪೆಟ್ ಒದ್ದೆಯಾದರೆ ಎಸಿಯ ಡ್ರೇನ್ ಪೈಪಿನಲ್ಲಿ ಕಸ ಸೇರಿರಬಹುದು.

ಫ್ಯಾನಿನದ್ದು ಬೇರೆಯೇ ಕತೆ, ಕೋರ್‌ಗೂ ಅದಕ್ಕೂ ಸಂಬಂಧ ಇಲ್ಲ. 1, 2, 3ರಲ್ಲಿ ಕರೆಂಟ್ ರೆಸಿಸ್ಟರ್ ಎಂಬ, ಕರೆಂಟ್ ಕಮ್ಮಿ ಮಾಡುವ ಭಾಗದ ಮೂಲಕ ಹೋಗುತ್ತದೆ, 4ರಲ್ಲಿ ನೇರ. ಹಾಗಾಗಿ ರೆಸಿಸ್ಟರ್ ಸುಟ್ಟರೆ 4 ಮಾತ್ರ ಉಳಿಯುತ್ತದೆ. ಸಾಮಾನ್ಯವಾಗಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಬದಲಿಸುವಾಗ ಅದರ ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ಫ್ಯಾನ್ ಮೋಟರ್ ಬಿಗಿಯಾಗಿದ್ದರೆ ಹೊಸ ರೆಸಿಸ್ಟರೂ ಸುಡುತ್ತದೆ.

ರಿಪೇರಿ ಆಗುವವರೆಗೆ ಮಳೆಯಲ್ಲಿ ಎಸಿ ಹಾಕಿಯೇ ಓಡಿಸಿ, ಅದು ಗಾಳಿಯ ತೇವ ತೆಗೆಯುತ್ತದೆ. ಒಳಗಿನ ಗಾಳಿಯೇ ಸುತ್ತುವ ಬಟನ್ ಬೇಡ, ಹೊರಗಿನ ಗಾಳಿ ಬರಲಿ. ಒದ್ದೆ ಕೊಡೆಯ ತೇವವೂ ಒಳಗೇ ಸುತ್ತುತ್ತದೆ, ಅಲ್ವಾ? ಒಳಗಿನಿಂದ ಬೆರಳಲ್ಲಿ ಒರೆಸಿದರೂ ಮಂಜು ಹೋಗದಿದ್ದರೆ ಅದು ಗಾಜಿನ ಹೊರಗಿದೆ. ನಮ್ಮ ಸೆಕೆಯ ಊರಲ್ಲಿ ತಣ್ಣನೆ ಗಾಳಿ ನೇರ ಗಾಜಿಗೆ ಬಡಿದರೆ ಹೀಗಾಗುವುದು ಜಾಸ್ತಿ. ಗಾಳಿಯನ್ನು ಮುಖದ ಕಡೆ ತಿರುಗಿಸಿ ವೈಪರ್ ಹಾಕಿ.

ನಾಳೆ ಪೈಪ್ ಮುಟ್ಟಿ ನೋಡಿ, ಯಾವುದು ಹೇಗಿತ್ತು ಅಂತ ಇಲ್ಲೇ ಬರೆಯಿರಿ. ಶಿರಾಡಿ ಘಾಟಿ ಕಡೆ ಹೋಗುವುದಿದ್ದರೆ ಅದಕ್ಕೆ ಮುಂಚೆಯೇ ನೋಡಿ.