ಎರಡು ಕೋಣೆ, ಒಂದು ಬಚ್ಚಲು, ಮೂರು ಚಿಲಕ

ಪ್ರಶ್ನೆ: ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹೊಸ ಮನೆಗೆ ಪಂಚಾಂಗ ಆಗಿದೆ. ಎರಡು ಮಲಗುವ ಕೋಣೆಗಳ ನಡುವೆ 6 ಅಡಿ ಅಗಲ, 9 ಅಡಿ ಉದ್ದದ ಜಾಗ ಬಿಟ್ಟಿದ್ದೇವೆ. ಒಂದು ಕೋಣೆ ಅತ್ತೆ-ಮಾವನಿಗೆ, ಇನ್ನೊಂದು ಕಾಲೇಜಿಗೆ ಹೋಗುವ ಮಗಳಿಗೆ. ಎರಡೂ ಕಡೆ ಬಾಗಿಲಿಟ್ಟು ಒಂದೇ ಬಚ್ಚಲು ಮಾಡಿದರೆ ಕಿರಿಕಿರಿ ಆದೀತೇ?
— ಓದುಗರು, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ಕಿರಿಕಿರಿ ಆಗುವುದು ಚಿಲಕದಿಂದ. ಒಳಗೆ ಹೋದವರು ಎರಡೂ ಬಾಗಿಲಿಗೆ ಚಿಲಕ ಹಾಕುತ್ತಾರೆ, ಹೊರಬರುವಾಗ ತಮ್ಮ ಕಡೆಯದನ್ನು ಮಾತ್ರ ತೆಗೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದ ಮಾವ ಬಾಗಿಲು ಬಡಿಯುತ್ತಾ ನಿಲ್ಲಬೇಕು. ಒಳಗೆ ನೋಡಿದರೆ ಯಾರೂ ಇಲ್ಲ. ಚೀಟಿ ಅಂಟಿಸಿದರೆ ಇದು ಸರಿಹೋಗದು, ನಕ್ಷೆಯಲ್ಲೇ ಸರಿಮಾಡಬೇಕು.

9 ಅಡಿ ಉದ್ದವನ್ನು ಎರಡು ಮಾಡಿ. ಮನೆಯ ಒಳಭಾಗಕ್ಕಿರುವ 3 ಅಡಿ 3 ಇಂಚು ಒಣ ಜಾಗ: ಕೋಣೆಗಳ ಎರಡೂ ಬಾಗಿಲು ಇಲ್ಲಿಗೇ ಬರಲಿ, ತುದಿಯ ಗೋಡೆಗೆ ಬೇಸಿನ್ ಇರಲಿ. ಆಮೇಲೆ 4 ಇಂಚಿನ ಸಿಮೆಂಟ್ ಬ್ಲಾಕಿನ ಅಡ್ಡಗೋಡೆ. ಇಲ್ಲಿಗೂ ಮುರಕಲ್ಲೇ ಇಟ್ಟರೆ ಜಾಗವೆಲ್ಲ ಗೋಡೆಯೇ ತಿನ್ನುತ್ತದೆ. ಅದರಾಚೆ ಉಳಿಯುವ ಸುಮಾರು 5 ಅಡಿ 5 ಇಂಚಿನಲ್ಲಿ, ಹೊರಗೋಡೆಯ ಕಡೆ, ಕಮೋಡ್ ಮತ್ತು ಸ್ನಾನ. ಕಮೋಡಿಗೆ ಎರಡೂವರೆ ಅಡಿ ಅಗಲ ಕೊಟ್ಟರೂ ಸ್ನಾನಕ್ಕೆ ಮೂರೂವರೆ ಅಡಿ ಸಿಗುತ್ತದೆ. ಒಳಗಿನಿಂದ ಚಿಲಕ ಬೇಕಾದ್ದು ಈ ಅಡ್ಡಗೋಡೆಯ ಬಾಗಿಲಿಗೆ ಮಾತ್ರ. ಕೋಣೆಗಳ ಬಾಗಿಲಿಗೆ ಕೋಣೆಯ ಕಡೆಯಿಂದಷ್ಟೇ ಚಿಲಕ ಇಡಿ, ಬಚ್ಚಲ ಕಡೆಯಿಂದ ಬೇಡವೇ ಬೇಡ. ಮರೆತು ಹಾಕಲು ಚಿಲಕವೇ ಇಲ್ಲದಿದ್ದರೆ ಜಗಳವೂ ಇಲ್ಲ. ಒಬ್ಬರು ಸ್ನಾನ ಮಾಡುತ್ತಿದ್ದರೂ ಇನ್ನೊಬ್ಬರು ಹಲ್ಲುಜ್ಜಬಹುದು ಎಂಬುದು ಹೆಚ್ಚಿನ ಲಾಭ.

ಅಡ್ಡಗೋಡೆಗೆ ಜಾರುಬಾಗಿಲು ಹಾಕಿಸಿ, ಮೇಲಿನ ಹಳಿಗೆ ತೂಗುವಂಥದ್ದು. ನೆಲದಲ್ಲಿ ಹಳಿ ಇದ್ದರೆ ಕೂದಲು, ಸಾಬೂನು ಕಟ್ಟಿಕೊಂಡು ಆರು ತಿಂಗಳಲ್ಲಿ ಬಾಗಿಲು ಜಗ್ಗಾಡುತ್ತದೆ. ಒಳಕ್ಕೆ ತೆರೆಯುವ ಬಾಗಿಲಾದರೆ ಹಿರಿಯರು ಒಳಗೆ ತಲೆಸುತ್ತಿ ಬಿದ್ದಾಗ ಅವರ ಮೈಯೇ ಅದಕ್ಕೆ ಅಡ್ಡವಾಗುತ್ತದೆ. ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಲಾಕ್ ಸಿಗುತ್ತದೆ, ಅದನ್ನೇ ತನ್ನಿ. ಕೋಣೆಯ ಬಾಗಿಲುಗಳು ಕೋಣೆಯತ್ತ ತೆರೆದುಕೊಳ್ಳಲಿ; ಬಚ್ಚಲ ಕಡೆಗಾದರೆ ಒಂದಕ್ಕೊಂದು ಬಡಿಯುತ್ತವೆ. ದೀಪಕ್ಕೆ ಟೂ-ವೇ ಸ್ವಿಚ್, ಎರಡೂ ಬಾಗಿಲ ಹತ್ತಿರ ಒಂದೊಂದು.

ಹಿಡಿಕೆ ಸರಳಿನ ವಿಚಾರವನ್ನು ಈಗಲೇ ತೀರ್ಮಾನಿಸಿ. ಮುರಕಲ್ಲು ಮೆದು, ತೂತು ತೂತು. ಅದರಲ್ಲಿ ಪ್ಲಗ್ ಸ್ಕ್ರೂ ಮೇಲ್ನೋಟಕ್ಕೆ ಗಟ್ಟಿ ಕೂತರೂ ಮೈಭಾರ ಬಿದ್ದ ದಿನ ಕಿತ್ತು ಬರುತ್ತದೆ. ಕಮೋಡಿನ ಪಕ್ಕದ ಗೋಡೆಯಲ್ಲಿ, ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿ, ಸರಳಿನ ಎರಡೂ ತುದಿ ಬರುವ ಕಡೆ ಕಲ್ಲು ಕೆತ್ತಿಸಿ ಕಾಂಕ್ರೀಟ್ ತುಂಬಿಸಿ. ಗಾರೆ ಆದ ಮೇಲೆ ಅದು ಎಲ್ಲಿದೆಯೆಂದು ಯಾರಿಗೂ ಗೊತ್ತಾಗದು, ಅಳತೆ ಬರೆದು ಫೋಟೋ ತೆಗೆದಿಡಿ.

ಒದ್ದೆ ಭಾಗದ ನೆಲ ಒಣ ಜಾಗಕ್ಕಿಂತ ಮುಕ್ಕಾಲು ಇಂಚು ತಗ್ಗಿರಲಿ, ಅಲ್ಲಿಂದ ನಹನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿಯ) ಕಡೆಗೆ 5 ಅಡಿಗೆ ಮತ್ತೆ ಮುಕ್ಕಾಲು ಇಂಚು ಇಳಿಜಾರು. ಎಣ್ಣೆ ಸ್ನಾನದ ಮನೆಗೆ ಹೊಳಪಿನ ಟೈಲ್ಸ್ ಶತ್ರು: 12×12 ಇಂಚಿನ ಮ್ಯಾಟ್ ಟೈಲ್ಸ್ ಸಾಕು, ಸಂದು ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ. ಹೊರಗೋಡೆಯ ಮೇಲ್ಭಾಗದಲ್ಲಿ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಇಟ್ಟು, ಬಾಗಿಲ ಕೆಳಗೆ ಅರ್ಧ ಇಂಚು ಸಂದು ಬಿಡಿ. ಒಳಕ್ಕೆ ಗಾಳಿ ಬರಲು ದಾರಿಯಿಲ್ಲದಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತದೆ, ಮಳೆಗಾಲದ ಆಟಿ ತಿಂಗಳಲ್ಲಿ ಟವೆಲಿಗೂ ಬೂಸ್ಟು. ಇಂಗುಗುಂಡಿ ಬಾವಿಯಿಂದ 7.5 ಮೀಟರ್ ದೂರ ಇರಬೇಕೆಂಬ ಕೇರಳದ ನಿಯಮವನ್ನು ನೋಡಿಕೊಂಡೇ ಪೈಪ್ ಯಾವ ಕಡೆ ಹೊರಡಬೇಕೆಂದು ನಿರ್ಧರಿಸಿ.

ಪ್ರಶ್ನೆ: ನಮಗೆ ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರು, ಪಂಪಿಲ್ಲದೆ ತಾನಾಗಿ ಟಾಂಕಿಗೆ ಬೀಳುತ್ತದೆ. ಬಚ್ಚಲಿಗೆ ದೊಡ್ಡ ಶವರ್ ಹಾಕಿಸಿದೆವು, ನೀರು ತೊಟ್ಟಿಕ್ಕುತ್ತದೆ. ಇನ್‌ಸ್ಟಂಟ್ ಗೀಸರ್ ಹಾಕಬಹುದೇ?
— ಓದುಗರು, ಪೆರ್ಲ

ಉತ್ತರ: ಟಾಂಕಿಯ ನೀರು ಶವರಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ 1 ಬಾರ್. ನಿಮ್ಮದು 3 ಮೀಟರ್ ಎತ್ತರದಲ್ಲಿದ್ದರೆ ಬರೀ 0.3 ಬಾರ್. ಅಗಲ ಮುಖದ ಶವರಿಗೆ ಇದು ಸಾಲದು. ಚಿಕ್ಕ ಮುಖದ ಕೈಶವರ್ ಹಾಕಿ, ಟಾಂಕಿಯಿಂದ 1 ಇಂಚಿನ ಪೈಪ್ ಇಳಿಸಿ, ಬಚ್ಚಲಿನೊಳಗೆ ಮುಕ್ಕಾಲು ಇಂಚು, ನಲ್ಲಿಯ ಹತ್ತಿರ ಮಾತ್ರ ಅರ್ಧ ಇಂಚು ಮಾಡಿ. ಮೊದಲಿಂದಲೂ ಅರ್ಧ ಇಂಚಿನ ಪೈಪೇ ಇದ್ದರೆ ಬೇಸಿನ್ನಿನ ನಲ್ಲಿ ತಿರುಗಿಸಿದ ಕೂಡಲೇ ಶವರ್ ನಿಲ್ಲುತ್ತದೆ. ಪೈಪ್ ನಡುವೆ ಗೂನು ಎದ್ದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯುತ್ತದೆ, ಅದನ್ನೂ ನೋಡಿ. ಇನ್‌ಸ್ಟಂಟ್ ಗೀಸರಿನ ಹಲವು ಮಾದರಿಗಳು ಇಷ್ಟು ಕಡಿಮೆ ಒತ್ತಡಕ್ಕೆ ಚಾಲೂ ಆಗುವುದೇ ಇಲ್ಲ. 15 ಲೀಟರಿನ, 2 ಕಿಲೋವಾಟಿನ ಸ್ಟೋರೇಜ್ ಗೀಸರ್ ತೆಗೆದುಕೊಳ್ಳಿ, 2.5 ಚದರ ಮಿಲಿಮೀಟರ್ ತಂತಿ, 16 ಆಂಪಿಯರ್ ಪಾಯಿಂಟ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಜಿಐ (ಸತು ಲೇಪದ ಕಬ್ಬಿಣದ) ಪೈಪನ್ನು ಒಳಗಿಂದ ತಿನ್ನುತ್ತದೆ. ಸಿಪಿವಿಸಿ (ಪ್ಲಾಸ್ಟಿಕ್) ಪೈಪೇ ಸರಿ.

ಪ್ರಶ್ನೆ: ಬಚ್ಚಲಿಗೆ ತಾಗಿದ ಮಲಗುವ ಕೋಣೆಯ ಗೋಡೆಯಲ್ಲಿ ಬಣ್ಣ ಉದುರುತ್ತಿದೆ. ಇಡೀ ಟೈಲ್ಸ್ ಒಡೆಯಬೇಕೇ?
— ಓದುಗರು, ಮಂಜೇಶ್ವರ

ಉತ್ತರ: ಮೊದಲು ಕಾರಣ ಹುಡುಕಿ. ಫೆಬ್ರವರಿ-ಮಾರ್ಚಿನಲ್ಲಿ ಮೂರು ದಿನ ಆ ಬಚ್ಚಲಿನ ಬಳಕೆ ನಿಲ್ಲಿಸಿ, ಆದರೆ ಪೈಪಿನ ವಾಲ್ವ್ ತೆರೆದೇ ಇರಲಿ. ಒದ್ದೆ ಕಡಿಮೆಯಾಗುತ್ತಾ ಬಂದರೆ ದೋಷ ನೆಲದಲ್ಲಿ, ಟ್ರ್ಯಾಪಿನ ಸುತ್ತ ಅಥವಾ ನೆಲ-ಗೋಡೆಯ ಮೂಲೆಯಲ್ಲಿ. ಕಡಿಮೆಯಾಗದಿದ್ದರೆ ಗೋಡೆಯೊಳಗಿನ ಪೈಪನ್ನು ಸಂಶಯಿಸಿ. ಕಲೆ ನೆಲದಿಂದ ಒಂದೆರಡು ಅಡಿಯೊಳಗೇ ಇದ್ದರೆ ಬಹುಪಾಲು ಮೊದಲನೆಯದೇ. ಆಗ ನೆಲ ಮತ್ತು ಗೋಡೆಯ ಕೆಳಗಿನ ಒಂದು ಅಡಿ ಟೈಲ್ಸ್ ಮಾತ್ರ ತೆಗೆಸಿ. ಮೂಲೆಗೆ ಗಾರೆಯ ಸಣ್ಣ ಇಳಿಜಾರು ಕೊಟ್ಟು, ಪಾಲಿಮರ್ ಸಿಮೆಂಟ್ ಲೇಪವನ್ನು ಒಮ್ಮೆ ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಮ್ಮೆ ಅಡ್ಡಕ್ಕೆ ಬಳಿಸಿ. ಲೇಪ ಪೂರ್ತಿ ಗಟ್ಟಿಯಾದ ನಂತರ ಟ್ರ್ಯಾಪ್ ಮುಚ್ಚಿ 2 ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಮೇಸ್ತ್ರಿ ಅವಸರ ಮಾಡಿದರೂ ಆ ಎರಡು ದಿನ ಬಿಟ್ಟುಕೊಡಬೇಡಿ. ಕೋಣೆಯ ಕಡೆಯ ಗಾರೆ ಪೂರ್ತಿ ಒಣಗುವ ಮೊದಲು ಬಣ್ಣ ಬಳಿದರೆ ಮತ್ತೆ ಉದುರುತ್ತದೆ.