ಮೂತ್ರ ಸಲೀಸಾಗಿ ಹೋಗುತ್ತಿದೆ ಎಂದ ಮಾತ್ರಕ್ಕೆ ಕಿಡ್ನಿ ಚೆನ್ನಾಗಿದೆ ಎಂದಲ್ಲ

ಈ ಬಾರಿ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಪ್ರಶ್ನೆಯನ್ನು ಸುತ್ತುತ್ತಿವೆ: ಕ್ರಿಯೇಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, ಸೋಸುವುದು ಕುಗ್ಗಿದರೆ ಏರುತ್ತದೆ) ಏರಿದೆ, ಆದರೆ ನನಗೇನೂ ಆಗಿಲ್ಲವಲ್ಲ? ಹೊರರೋಗಿ ವಿಭಾಗದಲ್ಲೂ ದಿನಾ ಇದೇ ಮಾತು. ಹಾಗಾಗಿ ಆ ಒಂದು ಪತ್ರಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಕಿಡ್ನಿ ಎಲ್ಲಿದೆ, ಎಷ್ಟಿವೆ ಎಂಬುದನ್ನು ಹೈಸ್ಕೂಲಿನಲ್ಲೇ ಓದಿದ್ದೀರಿ.

ದಾವಣಗೆರೆಯ ಓದುಗರು: ಡಾಕ್ಟ್ರೇ, ನನಗೆ 56 ವರ್ಷ. ಶುಗರ್ ಬಂದು ಹದಿನೈದು ವರ್ಷವಾಯಿತು, ಬಿಪಿಯೂ ಇದೆ. ಮೊನ್ನೆ ಕ್ರಿಯೇಟಿನಿನ್ 2.6 ಬಂತು. ಆದರೆ ಮೂತ್ರ ಸಲೀಸಾಗಿ ಹೋಗುತ್ತದೆ, ರಾತ್ರಿಯಂತೂ ಮೂರು ಸಲ ಏಳುತ್ತೇನೆ. ಕಾಲು ಊತವಿಲ್ಲ. ಈ ನಡುವೆ ಶುಗರ್ ಕೂಡ ತಾನಾಗಿಯೇ ಇಳಿದಿದೆ, ಮೊದಲಿನ ಅರ್ಧ ಡೋಸ್ ಸಾಕಾಗುತ್ತಿದೆ. ಬಿಪಿ ಮಾತ್ರೆಯಿಂದಲೇ ಕಿಡ್ನಿ ಕೆಟ್ಟಿದ್ದು ಎಂದು ನಮ್ಮ ಭಾವ ಹೇಳಿದರು, ಅದಕ್ಕೆ ನಿಲ್ಲಿಸಿದ್ದೇನೆ. ಮೂರು ತಿಂಗಳಲ್ಲಿ ಕ್ರಿಯೇಟಿನಿನ್ ಇಳಿಸುವ ಪುಡಿ ಒಬ್ಬರು ಕೊಡುತ್ತಾರಂತೆ. ತಗೊಳ್ಳಲೇ?

ಬೇಡ. ಪುಡಿಯನ್ನು ಮುಟ್ಟಬೇಡಿ. ಬಿಪಿ ಮಾತ್ರೆ ನಿಲ್ಲಿಸಿದ ವಿಷಯವನ್ನು ಈ ವಾರವೇ ನಿಮ್ಮ ವೈದ್ಯರಿಗೆ ಹೇಳಿ. ನೀವು ಒಳ್ಳೆಯ ಲಕ್ಷಣ ಎಂದುಕೊಂಡು ಬರೆದಿರುವುದರಲ್ಲಿ ಎರಡು ನನಗೆ ಕೆಟ್ಟ ಲಕ್ಷಣಗಳಾಗಿ ಕಾಣುತ್ತಿವೆ.

ಮೊದಲು ಮೂತ್ರದ ವಿಷಯ. ಎರಡೂ ಕಿಡ್ನಿ ಸೇರಿದರೂ ತೂಕ ಸುಮಾರು 300 ಗ್ರಾಂ. ಅಷ್ಟು ಚಿಕ್ಕ ಅಂಗಕ್ಕೆ ಹೃದಯ ತಾನು ಹೊರಹಾಕುವ ರಕ್ತದ ಐದನೇ ಒಂದು ಭಾಗವನ್ನು ಕಳಿಸುತ್ತದೆ. ಆರೋಗ್ಯವಂತರಲ್ಲಿ ಆ ರಕ್ತದಿಂದ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಬರುತ್ತದೆ. ರಕ್ತದಲ್ಲಿರುವ ಪ್ಲಾಸ್ಮಾ ಮೂರೇ ಲೀಟರ್, ಅಂದರೆ ಅದೇ ದ್ರವ ದಿನಕ್ಕೆ ಸುಮಾರು 60 ಸಲ ಸೋಸಿಕೊಳ್ಳುತ್ತದೆ. ಹಬ್ಬಕ್ಕೆ ಮುಂಚೆ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ಬೇಕಾದ್ದನ್ನು ಮಾತ್ರ ಒಳಗೆ ತೆಗೆದುಕೊಳ್ಳುತ್ತೇವಲ್ಲ, ಕಿಡ್ನಿಯ ಕ್ರಮವೂ ಅದೇ. ಸಕ್ಕರೆ, ಉಪ್ಪು, ನೀರು ಎಲ್ಲವನ್ನೂ ಹೊರಗೆ ಬಿಟ್ಟು, ನೂರಕ್ಕೆ 99 ಪಾಲನ್ನು ಮರಳಿ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಉಳಿದ ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರ.

ಈಗ ನಿಮ್ಮ ಲೆಕ್ಕ ನೋಡಿ. 56 ವರ್ಷದ ಗಂಡಸಿಗೆ ಕ್ರಿಯೇಟಿನಿನ್ 2.6 ಎಂದರೆ ಇಜಿಎಫ್‌ಆರ್, ಅಂದರೆ ಸೋಸುವ ವೇಗದ ಅಂದಾಜು, ನಿಮಿಷಕ್ಕೆ 28 ಮಿಲಿಲೀಟರ್ ಆಸುಪಾಸು. ಹರೆಯದಲ್ಲಿ ಇದು 100ರಿಂದ 125 ಇರುತ್ತದೆ. ಮುಕ್ಕಾಲು ಭಾಗ ಹೋಗಿದೆ. ಆದರೂ 28ರ ಲೆಕ್ಕದಲ್ಲಿ ದಿನಕ್ಕೆ 40 ಲೀಟರ್ ಸೋಸಿ ಬರುತ್ತದೆ. ನಲವತ್ತು ಲೀಟರಿನಿಂದ ಎರಡು ಲೀಟರ್ ಮೂತ್ರ ಬರುವುದಕ್ಕೆ ಏನು ಕಷ್ಟ? ಮೂತ್ರದ ಪ್ರಮಾಣ ಕುಗ್ಗುವುದು ಬಹುತೇಕರಲ್ಲಿ ಕೊನೆಯ ಹಂತಕ್ಕೆ. ಅದಕ್ಕೂ ಎಷ್ಟೋ ಮೊದಲು ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಹೋಗುತ್ತದೆ. ನೀರನ್ನು ಹಿಡಿದಿಡಲಾಗದೆ ರಾತ್ರಿ ಮತ್ತೆ ಮತ್ತೆ ಏಳಬೇಕಾಗುತ್ತದೆ. ನಿಮ್ಮ ವಯಸ್ಸಿನಲ್ಲಿ ಪ್ರಾಸ್ಟೇಟ್ ಕೂಡ ಕಾರಣವಿರಬಹುದು, ಸ್ಕ್ಯಾನ್ ಮಾಡಿಸಿ. ರಾತ್ರಿ ಏಳುವುದನ್ನು ‘ಚೆನ್ನಾಗಿ ಹೋಗುತ್ತಿದೆ’ ಎಂದು ಸಮಾಧಾನ ಪಟ್ಟುಕೊಂಡು ಕೂರಬೇಡಿ.

ಇನ್ನು ತಾನಾಗಿ ಇಳಿದ ಶುಗರ್. ಇದನ್ನು ಓದಿದಾಗ ನನಗೆ ಆತಂಕವಾಯಿತು. ಇನ್ಸುಲಿನ್ ಕೆಲಸ ಮುಗಿಸಿದ ಮೇಲೆ ಅದನ್ನು ಒಡೆದು ಹಾಕುವ ಅಂಗಗಳಲ್ಲಿ ಕಿಡ್ನಿಯೂ ಒಂದು. ಕಿಡ್ನಿ ಸೋತಾಗ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಕೆಲವು ಶುಗರ್ ಮಾತ್ರೆಗಳೂ ಹಾಗೆಯೇ ಶೇಖರವಾಗುತ್ತವೆ. ಶುಗರ್ ಇಳಿಯುವುದು ಅದರಿಂದ. ಮನೆಯವರೆಲ್ಲ ‘ಸಕ್ಕರೆ ಕಾಯಿಲೆ ವಾಸಿಯಾಯಿತು’ ಎಂದು ಸಂತೋಷಪಡುತ್ತಿರುವಾಗ ರೋಗಿ ಒಂದು ಬೆಳಗಿನ ಜಾವ ಶುಗರ್ ತೀರಾ ಕೆಳಗಿಳಿದು ಎಚ್ಚರ ತಪ್ಪಿರುತ್ತಾರೆ. ಗ್ಲಿಬೆನ್‌ಕ್ಲಮೈಡ್ ತಗೊಳ್ಳುತ್ತಿದ್ದರೆ ಅದನ್ನು ಬದಲಿಸಬೇಕು. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಕೂಡ ನಿಲ್ಲಬೇಕು. ಇದನ್ನು ನೀವಾಗಿ ಮಾಡಬೇಡಿ, ರಿಪೋರ್ಟ್ ಹಿಡಿದು ವೈದ್ಯರ ಬಳಿ ಹೋಗಿ.

ಬಿಪಿ ಮಾತ್ರೆಗೆ ಬರೋಣ. ಭಾವನವರ ಮಾತು ಹೊಸದೇನಲ್ಲ, ಊರೂರಲ್ಲಿ ಇದೆ. ಮಾತ್ರೆ ತಗೊಂಡವರಿಗೆಲ್ಲ ಕಿಡ್ನಿ ಹೋಯಿತು ಎನ್ನುವವರು, ಆ ಮಾತ್ರೆ ಕೊಟ್ಟಿದ್ದು ಯಾವ ಕಾಯಿಲೆಗೆ ಎಂಬುದನ್ನು ಮರೆಯುತ್ತಾರೆ. ಪ್ರತಿ ಕಿಡ್ನಿಯಲ್ಲಿ ಸರಾಸರಿ ಹತ್ತು ಲಕ್ಷ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳಿವೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಆದದ್ದೇ ಆಯಿತು, ಹುಟ್ಟಿದ ಮೇಲೆ ಒಂದೂ ಹೊಸದು ಬೆಳೆಯುವುದಿಲ್ಲ. ಶುಗರ್, ಬಿಪಿಯಿಂದ ಒಂದಷ್ಟು ಸತ್ತರೆ ಉಳಿದವು ಅವುಗಳ ಪಾಲಿನ ಕೆಲಸವನ್ನೂ ಹೊರುತ್ತವೆ. ಹಾಗೆ ಹೊರುವಾಗ ಒಂದೊಂದರಲ್ಲೂ ಇರುವ, ಸೋಸುವ ಪುಟ್ಟ ರಕ್ತನಾಳಗಳ ಗೊಂಚಲಿನೊಳಗೆ ಒತ್ತಡ ಏರುತ್ತದೆ, ಪ್ರೋಟೀನ್ ಸೋರತೊಡಗುತ್ತದೆ, ಉಳಿದವೂ ಬೇಗ ಸಾಯುತ್ತವೆ. ರಾಮಿಪ್ರಿಲ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಗುಂಪಿನ ಮಾತ್ರೆಗಳು ಗೊಂಚಲಿನಿಂದ ರಕ್ತ ಹೊರಹೋಗುವ ನಾಳವನ್ನು ಅಗಲ ಮಾಡಿ ಆ ಒತ್ತಡವನ್ನು ಇಳಿಸುತ್ತವೆ. ಒತ್ತಡ ಇಳಿದಾಗ ಸೋಸುವ ವೇಗವೂ ಸ್ವಲ್ಪ ಇಳಿದು ಕ್ರಿಯೇಟಿನಿನ್ ಒಂದಿಷ್ಟು ಏರುವುದು ನಿರೀಕ್ಷಿತ. ಶೇ 30ರೊಳಗಿನ ಏರಿಕೆಯನ್ನು ನಾವು ಒಪ್ಪಿಕೊಳ್ಳುತ್ತೇವೆ, ಪೊಟ್ಯಾಶಿಯಂ ನೋಡಿಕೊಂಡು ಮಾತ್ರೆ ಮುಂದುವರಿಸುತ್ತೇವೆ. ಆ ಮೊದಲ ಏರಿಕೆಯನ್ನು ನೋಡಿಯೇ ಜನ ಗಾಬರಿಯಾಗಿ ಮಾತ್ರೆ ಬಿಡುತ್ತಾರೆ, ಮುಂದಿನ ವರ್ಷಗಳ ರಕ್ಷಣೆಯನ್ನೂ ಅದರೊಂದಿಗೇ ಬಿಡುತ್ತಾರೆ.

ಇತ್ತೀಚೆಗೆ ಇನ್ನೊಂದು ದಾರಿಯೂ ಇದೆ. ಶುಗರಿಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಕಿಡ್ನಿ ಸೋಲುವ ವೇಗವನ್ನು ತಗ್ಗಿಸುತ್ತವೆ ಎಂಬುದು 2019, 2020ರ ದೊಡ್ಡ ಅಧ್ಯಯನಗಳಲ್ಲಿ ಖಚಿತವಾಯಿತು. ನಮ್ಮಲ್ಲಿ 2020ರಲ್ಲಿ ಪೇಟೆಂಟ್ ಮುಗಿದು ಬೆಲೆಯೂ ಇಳಿಯಿತು. ಇಜಿಎಫ್‌ಆರ್ 20ರ ಮೇಲಿದ್ದರೆ ಶುರು ಮಾಡಬಹುದು. ನಿಮಗೆ ಹೊಂದುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ವೈದ್ಯರು ಬೇಸರ ಮಾಡಿಕೊಳ್ಳುತ್ತಾರೆಂದು ಹಿಂಜರಿಯಬೇಡಿ.

ಕೊನೆಗೆ ಆ ಪುಡಿ. ಇದರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ‘ಕ್ರಿಯೇಟಿನಿನ್ ಇಳಿಸುತ್ತೇವೆ’ ಎನ್ನುವವರು ಜನರ ಒಂದು ತಪ್ಪು ತಿಳಿವಳಿಕೆಯ ಮೇಲೆ ವ್ಯಾಪಾರ ಮಾಡುತ್ತಾರೆ. ಕ್ರಿಯೇಟಿನಿನ್ ಮಾಂಸಖಂಡಗಳಿಂದ ಬರುವ ಕಸ. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತಿಳಿಯಲು ನಾವು ಅದನ್ನು ಅಳೆಯುತ್ತೇವೆ. ರೋಗಿಗೆ ಬೇಳೆ, ಮೊಟ್ಟೆ, ಮಾಂಸ ಎಲ್ಲ ಬಿಡಿಸಿ ಗಂಜಿಯ ಮೇಲೆ ಇಟ್ಟರೆ ಮೈ ಬತ್ತುತ್ತದೆ, ಮಾಂಸಖಂಡ ಕರಗುತ್ತದೆ, ಕ್ರಿಯೇಟಿನಿನ್ ಇಳಿಯುತ್ತದೆ. ಕಿಡ್ನಿ ಒಂದಿಷ್ಟೂ ಸುಧಾರಿಸಿರುವುದಿಲ್ಲ. ಇನ್ನು ಕೆಲವರಿಗೆ ವಾಂತಿಭೇದಿಯಿಂದಲೋ ನೋವಿನ ಮಾತ್ರೆಯಿಂದಲೋ ಕ್ರಿಯೇಟಿನಿನ್ ತಾತ್ಕಾಲಿಕವಾಗಿ ಏರಿರುತ್ತದೆ, ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಅದರ ಶ್ರೇಯಸ್ಸು ಪುಡಿ ಕೊಟ್ಟವರಿಗೆ ಸಲ್ಲುತ್ತದೆ, ಅವರ ವಿಡಿಯೊದಲ್ಲಿ ಸಾಕ್ಷಿ ಹೇಳುವುದು ಇಂಥವರೇ.

ಗಿಡಮೂಲಿಕೆಯಿಂದ ಏನೂ ತೊಂದರೆ ಆಗುವುದಿಲ್ಲ ಎಂಬ ಮಾತೂ ಸುಳ್ಳು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ತಗೊಂಡ ಹಲವು ಮಹಿಳೆಯರ ಕಿಡ್ನಿ ಪೂರ್ತಿ ಹಾಳಾಯಿತು, ಅವರಲ್ಲಿ ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕಾಣಿಸಿಕೊಂಡಿತು. ಕಾರಣ ಅರಿಸ್ಟೊಲೋಕಿಯಾ ಜಾತಿಯ ಗಿಡದಲ್ಲಿರುವ ಆಮ್ಲ. ನಮ್ಮ ಈಶ್ವರಬೇರು ಇದೇ ಜಾತಿಯ ಬಳ್ಳಿ. ಪೊಟ್ಟಣದ ಮೇಲೆ ಹೆಸರೂ ಇಲ್ಲದ ಪುಡಿಯಲ್ಲಿ ಯಾವ ಬೇರಿದೆ, ಸೀಸ ಅಥವಾ ಪಾದರಸ ಸೇರಿದೆಯೇ, ಸ್ಟೀರಾಯ್ಡ್ ಬೆರೆಸಿದ್ದಾರೆಯೇ ಎಂಬುದು ನಿಮಗೆ ಗೊತ್ತಾಗುವುದು ಹೇಗೆ? ಈಗ ನಿಮ್ಮ ಹತ್ತಿರ ಉಳಿದಿರುವುದು ಕಾಲು ಭಾಗ. ಅದನ್ನು ಪ್ರಯೋಗಕ್ಕೆ ಕೊಡಬೇಡಿ.

ನೀವು ಮಾಡಿಸಬೇಕಾದದ್ದು: ಮೂತ್ರದ ಅಲ್ಬುಮಿನ್–ಕ್ರಿಯೇಟಿನಿನ್ ಅನುಪಾತ (ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂದು ತೋರಿಸುತ್ತದೆ, 30ರೊಳಗಿದ್ದರೆ ಸರಿ, ಹೆಚ್ಚಿದ್ದಷ್ಟೂ ಅಪಾಯ), ಪೊಟ್ಯಾಶಿಯಂ, ಹಿಮೋಗ್ಲೋಬಿನ್. ಹಿಮೋಗ್ಲೋಬಿನ್ ಏಕೆಂದರೆ, ರಕ್ತಕಣ ತಯಾರಿಸಲು ಮೂಳೆಯ ಮಜ್ಜೆಗೆ ಆಜ್ಞೆ ಹೋಗುವುದು ಕಿಡ್ನಿಯಿಂದ. ಕಿಡ್ನಿ ಸೋತವರಿಗೆ ಕಬ್ಬಿಣದ ಟಾನಿಕ್ ಒಂದನ್ನೇ ಕುಡಿಸಿದರೆ ಸಾಲುವುದಿಲ್ಲ. ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯೂ ಆ ಲೆಕ್ಕಕ್ಕೇ ಸೇರಬೇಕು. ಸೈಂಧವ ಲವಣವೂ ಉಪ್ಪೇ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ, ನಿಮ್ಮ ಸ್ಥಿತಿಯಲ್ಲಿ ಅದು ಹೃದಯಕ್ಕೇ ಅಪಾಯ.

ಶಿವಮೊಗ್ಗದ ಓದುಗರು: ಅಮ್ಮನಿಗೆ 65. ಕ್ರಿಯೇಟಿನಿನ್ 1.1, ಲ್ಯಾಬ್‌ನವರು ನಾರ್ಮಲ್ ಎಂದಿದ್ದಾರೆ. ಇನ್ನೇನೂ ನೋಡಬೇಕಿಲ್ಲ ತಾನೆ?

ನೋಡಬೇಕು. ಅದೇ 1.1 ಇಪ್ಪತ್ತೈದರ ಹುಡುಗನಿಗಿದ್ದರೆ ಇಜಿಎಫ್‌ಆರ್ 95ರ ಹತ್ತಿರ, ನಿಮ್ಮ ತಾಯಿಗೆ ಸುಮಾರು 55. ವಯಸ್ಸಾದ, ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಮಾಂಸಖಂಡ ಕಡಿಮೆ, ಹಾಗಾಗಿ ಕ್ರಿಯೇಟಿನಿನ್ ತಡವಾಗಿ ಏರುತ್ತದೆ. ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ, ಮೂರು ತಿಂಗಳಿಗೆ ಕ್ರಿಯೇಟಿನಿನ್ ಮತ್ತೊಮ್ಮೆ ನೋಡಿ. ರಿಪೋರ್ಟಿನಲ್ಲಿ ಇಜಿಎಫ್‌ಆರ್ ಬರೆದುಕೊಡಿ ಎಂದು ಲ್ಯಾಬಿನಲ್ಲಿ ಕೇಳಿ ಪಡೆಯಿರಿ.

ಹುಬ್ಬಳ್ಳಿಯ ಓದುಗರು: ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆಯೇ?

ಇಲ್ಲ.

ಬೆಂಗಳೂರಿನ ಓದುಗರು: ಡಿಟಾಕ್ಸ್‌ಗೆ ದಿನಕ್ಕೆ ಐದು ಲೀಟರ್ ನೀರು ಕುಡಿಯುತ್ತಿದ್ದೇನೆ. ಸಾಕೇ?

ಆರೋಗ್ಯವಂತರಿಗೆ ಬಾಯಾರಿಕೆಯೇ ಅಳತೆ. ಕಲ್ಲು ಆದವರು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಬರುವಷ್ಟು ಕುಡಿಯಬೇಕು. ಹೃದಯ ದುರ್ಬಲವಾದವರು, ಕಾಲು ಊದಿದವರು ವೈದ್ಯರು ಹೇಳಿದ ಮಿತಿಯೊಳಗೆ ಇರಬೇಕು. ಡಿಟಾಕ್ಸ್ ಎಂದು ನೀವು ಕರೆಯುವ ಕೆಲಸವನ್ನು ಕಿಡ್ನಿ ಮತ್ತು ಲಿವರ್ ಯಾರ ಅಪ್ಪಣೆಗೂ ಕಾಯದೆ ಮಾಡುತ್ತಿವೆ.

ಉಡುಪಿಯ ಓದುಗರು: ಕೊಲೆಸ್ಟ್ರಾಲ್‌ಗೆ ಬಿಂಬುಳಿ ಜ್ಯೂಸ್ ಒಳ್ಳೆಯದೆಂದು ದಿನಾ ಬೆಳಿಗ್ಗೆ ಒಂದು ಲೋಟ ಕುಡಿಯುತ್ತೇನೆ.

ಇಂದೇ ನಿಲ್ಲಿಸಿ. ಉಪ್ಪಿನಕಾಯಿಗೆ, ಸಾರಿಗೆ ನಾಲ್ಕು ಕಾಯಿ ಹಾಕುವುದು ಬೇರೆ, ಹಿಂಡಿ ಲೋಟಗಟ್ಟಲೆ ಕುಡಿಯುವುದು ಬೇರೆ. ಬಿಂಬುಳಿಯಲ್ಲಿ ಆಕ್ಸಲೇಟ್ ವಿಪರೀತ. ಅದು ಕಿಡ್ನಿಯ ನಳಿಕೆಗಳಲ್ಲಿ ಹರಳುಗಟ್ಟಿ ಕೂರುತ್ತದೆ. ಹೀಗೆ ಕೊಲೆಸ್ಟ್ರಾಲ್ ಇಳಿಸಲು ಹೋಗಿ ಕಿಡ್ನಿ ಕೈಕೊಟ್ಟು, ಡಯಾಲಿಸಿಸ್‌ವರೆಗೆ ಹೋದವರ ವಿವರ ಕೇರಳದಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿದೆ. ಅದೇ ಕುಲದ ಧಾರೆಹುಳಿಯನ್ನು ಕಿಡ್ನಿ ಕಾಯಿಲೆ ಇರುವವರು ಒಂದು ಹೋಳೂ ತಿನ್ನಬಾರದು. ಅದರಲ್ಲಿರುವ ವಿಷಾಂಶ ಮೆದುಳಿಗೆ ಏರಿ ಬಿಡದ ಬಿಕ್ಕಳಿಕೆ, ಫಿಟ್ಸ್ ಬಂದು ಸಾವೂ ಸಂಭವಿಸಿದೆ. ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಿ.

ಮಂಡ್ಯದ ಓದುಗರು: ಸೊಂಟ ನೋವು ಬಂದಾಗಲೆಲ್ಲ ಕಿಡ್ನಿ ಹೋಯಿತೇನೋ ಎಂದು ಭಯ.

ಬಗ್ಗಿದಾಗ, ಭಾರ ಎತ್ತಿದಾಗ ಹೆಚ್ಚಾಗುವ ನೋವು ಬೆನ್ನಿನದು. ಶುಗರ್, ಬಿಪಿಯಿಂದ ಹಾಳಾಗುವ ಕಿಡ್ನಿ ನೋಯುವುದೇ ಇಲ್ಲ.

ಕಲಬುರಗಿಯ ಓದುಗರು: ಗಾರೆ ಕೆಲಸ ಮಾಡುತ್ತೇನೆ. ಮೈಕೈ ನೋವಿಗೆ ರಾತ್ರಿ ಮೆಡಿಕಲ್ ಶಾಪಿನಿಂದ ಒಂದು ಡೈಕ್ಲೊಫಿನಾಕ್ ತಗೊಳ್ಳುತ್ತೇನೆ. ಬಿಪಿ ಮಾತ್ರೆಯೂ ಇದೆ. ತೊಂದರೆಯೇ?

ತೊಂದರೆ ಇದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬಿಸಿಲಲ್ಲಿ ಬೆವರು ಸುರಿದು ನೀರು ಕಡಿಮೆಯಾದಾಗ ಕಿಡ್ನಿ ತನ್ನೊಳಗೆ ಬರುವ ರಕ್ತನಾಳವನ್ನು ತೆರೆದಿಟ್ಟುಕೊಂಡು ಹೇಗೋ ನಿಭಾಯಿಸುತ್ತದೆ. ಹಾಗೆ ತೆರೆದಿಡುವ ರಾಸಾಯನಿಕವನ್ನೇ ಡೈಕ್ಲೊಫಿನಾಕ್, ಐಬುಪ್ರೊಫೆನ್ ತಡೆಯುತ್ತವೆ. ಅದರ ಮೇಲೆ ಬಿಪಿ ಮಾತ್ರೆ ಹೊರಹೋಗುವ ನಾಳವನ್ನು ಅಗಲ ಮಾಡಿದ್ದರೆ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ನೋವಿಗೆ ಪ್ಯಾರಸಿಟಮಾಲ್ ಮಿತಿಯಲ್ಲಿ ಸಾಕು. ಬಿಪಿ ಮಾತ್ರೆ ಬಿಡಬೇಡಿ. ಆದರೆ ವಾಂತಿಭೇದಿ ಆದ ದಿನ, ಆ ಮಾತ್ರೆಯನ್ನು ಎರಡು ದಿನ ತಡೆಯಬೇಕೇ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ನಿಮ್ಮ ವೈದ್ಯರು ಬರೆದ ಚೀಟಿ ಇಲ್ಲದೆ ನೋವಿನ ಮಾತ್ರೆ ಕೊಂಡುಕೊಳ್ಳಬೇಡಿ.

ಪುತ್ತೂರಿನ ಓದುಗರು: ಡಯಾಲಿಸಿಸ್ ಒಮ್ಮೆ ಹಿಡಿದರೆ ಬಿಡುವುದಿಲ್ಲವಂತೆ. ಅದಕ್ಕೆ ಅಪ್ಪ ಮುಂದೂಡುತ್ತಾ ಬಂದಿದ್ದಾರೆ. ಇಜಿಎಫ್‌ಆರ್ 12.

ಇಲಿಜ್ವರ, ಹಾವು ಕಡಿತ, ವಾಂತಿಭೇದಿಯಿಂದ ಕಿಡ್ನಿ ಏಕಾಏಕಿ ನಿಂತವರಲ್ಲಿ ಎಷ್ಟೋ ಜನ ಕೆಲವು ವಾರ ಡಯಾಲಿಸಿಸ್ ಮಾಡಿಸಿಕೊಂಡು, ಅದನ್ನು ಬಿಟ್ಟು ಮನೆಗೆ ಹೋಗಿದ್ದಾರೆ. ನಿಮ್ಮ ತಂದೆಯವರಂತೆ ವರ್ಷಗಳಿಂದ ಕ್ರಮೇಣ ಸೋತ ಕಿಡ್ನಿಯಾದರೆ ಅದು ಮುಂದುವರಿಯುತ್ತದೆ, ಏಕೆಂದರೆ ಕಿಡ್ನಿ ಮರಳುವುದಿಲ್ಲ. ಡಯಾಲಿಸಿಸ್ ಯಾರನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಮುಂದೂಡುವವರಿಗೆ ಆಗುವ ನಷ್ಟ ಇದು: ಮಧ್ಯರಾತ್ರಿ ಉಸಿರು ಕಟ್ಟಿಕೊಂಡು ಬರುತ್ತಾರೆ, ಕುತ್ತಿಗೆಗೆ ಅವಸರದಲ್ಲಿ ಕೊಳವೆ ಹಾಕಬೇಕಾಗುತ್ತದೆ, ಅದಕ್ಕೆ ಸೋಂಕು ತಗುಲುತ್ತದೆ. ಮೊದಲೇ ಮುಂಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಎರಡು ರಕ್ತನಾಳಗಳನ್ನು ಸೇರಿಸುವ ಶಸ್ತ್ರಚಿಕಿತ್ಸೆ) ಮಾಡಿಸಿದ್ದರೆ ಇದ್ಯಾವುದೂ ಬೇಕಾಗುವುದಿಲ್ಲ. ಫಿಸ್ಟುಲಾ ಹದಕ್ಕೆ ಬರಲು ಆರರಿಂದ ಎಂಟು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಆದ್ದರಿಂದ ಈ ವಾರವೇ ಕರೆದುಕೊಂಡು ಹೋಗಿ. ಮನೆಯಲ್ಲಿ ಯಾರಾದರೂ ಕಿಡ್ನಿ ಕೊಡಲು ಮುಂದೆ ಬಂದಿದ್ದರೆ ಆ ಮಾತನ್ನೂ ಅದೇ ಭೇಟಿಯಲ್ಲಿ ಎತ್ತಿ, ಡಯಾಲಿಸಿಸ್ ಶುರುವಾಗುವ ಮುಂಚೆಯೇ ಕಸಿ ಮಾಡಿಸಿಕೊಳ್ಳುವುದು ಸಾಧ್ಯವಿದೆ. ಕೊಡುವವರು ಯಾರೂ ಇಲ್ಲದಿದ್ದರೆ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ನೋಂದಾಯಿಸುವ ಬಗ್ಗೆ ವಿಚಾರಿಸಿ. ಅಲ್ಲಿಯವರೆಗೆ ಅಪ್ಪನವರ ಎಡಗೈಯಲ್ಲಿ, ಎಡಗೈಯವರಾದರೆ ಬಲಗೈಯಲ್ಲಿ, ರಕ್ತ ತೆಗೆಯಲು, ಡ್ರಿಪ್ ಹಾಕಲು ಯಾರಿಗೂ ಬಿಡಬೇಡಿ. ಫಿಸ್ಟುಲಾಕ್ಕೆ ಆ ಕೈಯ ರಕ್ತನಾಳಗಳೇ ಬೇಕು. ಇನ್ನೊಂದು ಕೈಯ ಹಿಂಭಾಗದಲ್ಲಿ ಚುಚ್ಚಿ ಎಂದು ನರ್ಸಮ್ಮನಿಗೆ ಮೊದಲೇ ಹೇಳಿಬಿಡಿ.